ಗಣಕಯಂತ್ರಕ್ಕೆ ಸಂದೇಶ ತಂತ್ರಾಂಶ: ಆಯ್ಕೆಗೆ ಮುನ್ನ ವರ್ತಕರು ಗಮನಿಸಬೇಕಾದ ಅಂಶಗಳು

ಹಿಂದೆ ದೂರವಾಣಿಯಲ್ಲಿ ಕುದುರುತ್ತಿದ್ದ ವ್ಯಾಪಾರವು ಇಂದು ಬಹುಮಟ್ಟಿಗೆ ಗಣಕಯಂತ್ರದ ಪರದೆಯ ಮೇಲೆ, ಅಂತರ್ಜಾಲ ಸಂದೇಶಗಳ ಮೂಲಕ ನಡೆಯುತ್ತಿದೆ. ದರ, ಪ್ರಮಾಣ, ಸರಕು ರವಾನೆಯ ದಿನಾಂಕ, ಪಾವತಿಯ ಗಡುವು ಎಲ್ಲವೂ ನಾಲ್ಕಾರು ಸಾಲುಗಳಲ್ಲಿ ತೀರ್ಮಾನವಾಗುತ್ತವೆ. ಹೀಗಾಗಿ ಚಾಟ್ ತಂತ್ರಾಂಶದ ಆಯ್ಕೆಯೆಂದರೆ, ನಮ್ಮ ವ್ಯವಹಾರದ ದಾಖಲೆ ಯಾರ ವಶದಲ್ಲಿ ಎಷ್ಟು ಕಾಲ ಉಳಿಯಬೇಕೆಂಬುದರ ನಿರ್ಧಾರವೂ ಹೌದು.

ಜನಪ್ರಿಯತೆಯನ್ನಷ್ಟೇ ನಂಬುವಂತಿಲ್ಲ. 1996ರಲ್ಲಿ ಆರಂಭವಾದ ಐಸಿಕ್ಯೂ 2024ರ ಜೂನ್‌ನಲ್ಲಿ ನಿಂತುಹೋಯಿತು. 1998ರ ಯಾಹೂ ಮೆಸೆಂಜರ್ 2018ರ ಜುಲೈನಲ್ಲಿಯೂ 2003ರ ಸ್ಕೈಪ್ 2025ರ ಮೇ ತಿಂಗಳಲ್ಲಿಯೂ ಸ್ಥಗಿತಗೊಂಡವು. ಇವೆಲ್ಲವೂ ಒಂದು ಕಾಲಕ್ಕೆ ಕೋಟ್ಯಂತರ ಜನರು ಬಳಸಿದ ತಂತ್ರಾಂಶಗಳೇ.

ಕಾನೂನಿನ ಗಡುವುಗಳಾದರೋ ದೀರ್ಘವಾದವು. ಜಿಎಸ್‌ಟಿ ಕಾಯ್ದೆಯನ್ವಯ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪತ್ರ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಯ್ದಿರಿಸಬೇಕು. ಮಾರಿದ ಸರಕಿನ ಬಾಕಿ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಕಾಲಾವಕಾಶವಿದೆ. ವಿದ್ಯುನ್ಮಾನ ರೂಪದಲ್ಲಿದೆಯೆಂಬ ಒಂದೇ ಕಾರಣಕ್ಕೆ ಒಪ್ಪಂದವು ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ಆದರೆ ಸಂದೇಶದ ಮುದ್ರಿತ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಮೂಲ ಸಂದೇಶವೇ ಅಳಿದುಹೋಗಿದ್ದರೆ ಪ್ರಮಾಣೀಕರಿಸುವುದಾದರೂ ಏನನ್ನು?

ಆದ್ದರಿಂದ ಆಯ್ಕೆಯ ಸಮಯದಲ್ಲಿ ಈ ಕೆಳಗಿನ ಅಂಶಗಳನ್ನು ಪರಿಶೀಲಿಸತಕ್ಕದ್ದು.

1. ಪ್ರತಿ ತೆಗೆಯುವ ಸೌಲಭ್ಯ: ಟೆಲಿಗ್ರಾಂನ ಗಣಕಯಂತ್ರ ಆವೃತ್ತಿಯಿಂದ ಸಂಭಾಷಣೆಯನ್ನು ನೇರವಾಗಿ ಕಡತವಾಗಿ ಪಡೆಯಬಹುದು. ವಾಟ್ಸಾಪ್‌ನಲ್ಲಿ ಇದನ್ನು ಮೊಬೈಲಿನ 'ಎಕ್ಸ್‌ಪೋರ್ಟ್ ಚಾಟ್' ಮೂಲಕ ಮಾಡಬಹುದು. ಪಿಜಿನ್‌ನಂತಹ ಉಚಿತ ತಂತ್ರಾಂಶವು ಸಂದೇಶಗಳನ್ನು ನಮ್ಮದೇ ಗಣಕಯಂತ್ರದಲ್ಲಿ ಕಡತಗಳಾಗಿ ಉಳಿಸಬಲ್ಲದು.

2. ಖಾತೆಯ ಒಡೆತನ: ಗುಮಾಸ್ತರ ಸ್ವಂತ ಮೊಬೈಲ್ ಸಂಖ್ಯೆಯಲ್ಲಿ ಖಾತೆ ತೆರೆದರೆ, ಅವರು ಕೆಲಸ ಬಿಟ್ಟ ದಿನ ಗ್ರಾಹಕರ ಪಟ್ಟಿಯೂ ಹಳೆಯ ಮಾತುಕತೆಯೂ ಅವರೊಡನೆ ಹೋಗುತ್ತವೆ. ಸಂಖ್ಯೆಯಾಗಲಿ ಮಿಂಚಂಚೆ ವಿಳಾಸವಾಗಲಿ ಸಂಸ್ಥೆಯ ಹೆಸರಿನಲ್ಲಿಯೇ ಇರಲಿ.

3. ಗೌಪ್ಯತೆ: ವಾಟ್ಸಾಪ್ 2016ರಿಂದ, ಕಳುಹಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲ ಗೂಢಲಿಪಿಯನ್ನು ಎಲ್ಲ ಸಂದೇಶಗಳಿಗೂ ಅಳವಡಿಸಿದೆ. ಟೆಲಿಗ್ರಾಂನ ಸಾಮಾನ್ಯ ಸಂಭಾಷಣೆಗಳಿಗೆ ಈ ರಕ್ಷಣೆಯಿಲ್ಲ. ಆದರೆ ಅಂಗಡಿಯ ಗಣಕಯಂತ್ರವನ್ನು ತೆರೆದಿಟ್ಟು ಹೋದರೆ ಯಾವ ಗೂಢಲಿಪಿಯೂ ಕಾಪಾಡದು. ಸಂಜೆ ಲಾಗ್ ಔಟ್ ಮಾಡುವುದು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದಂತೆಯೇ ಅಭ್ಯಾಸವಾಗಬೇಕು.

4. ಗ್ರಾಹಕರ ಬಳಕೆ: ತಂತ್ರಾಂಶವು ಎಷ್ಟೇ ಉತ್ತಮವಾಗಿದ್ದರೂ ನಮ್ಮ ಖರೀದಿದಾರರು ಅದರಲ್ಲಿಲ್ಲದಿದ್ದರೆ ಪ್ರಯೋಜನವಿಲ್ಲ. ಗ್ರಾಹಕರೊಡನೆ ಅವರು ಬಳಸುವುದನ್ನೂ, ಕಚೇರಿ ಮತ್ತು ಕಾರ್ಖಾನೆಯ ನಡುವೆ ನಮ್ಮ ನಿಯಂತ್ರಣದಲ್ಲಿರುವ ಇನ್ನೊಂದನ್ನೂ ಇರಿಸಿಕೊಳ್ಳುವುದು ಸೂಕ್ತ.

ಯಾವುದನ್ನೇ ಆರಿಸಿದರೂ, ಸಂದೇಶಗಳು ತಾವಾಗಿಯೇ ಅಳಿಸಿಹೋಗುವ ಸೌಲಭ್ಯವನ್ನು ವ್ಯಾಪಾರದ ಸಂಭಾಷಣೆಗಳಲ್ಲಿ ನಿಲ್ಲಿಸಿಡಬೇಕು. ಅಂತಿಮ ಷರತ್ತುಗಳನ್ನು ಮಿಂಚಂಚೆ ಅಥವಾ ಖರೀದಿ ಆದೇಶದಲ್ಲಿ ಮತ್ತೊಮ್ಮೆ ದೃಢಪಡಿಸಿಕೊಳ್ಳಬೇಕು. ಪ್ರತಿ ತಿಂಗಳ ಕೊನೆಯಲ್ಲಿ ದಾಸ್ತಾನು ಲೆಕ್ಕದೊಡನೆ ಮುಖ್ಯ ಸಂಭಾಷಣೆಗಳ ಪ್ರತಿಯನ್ನೂ ತೆಗೆದಿಟ್ಟುಕೊಂಡ ವರ್ತಕರಿಗೆ, ಮುಂದೆ ತಂತ್ರಾಂಶವೇ ನಿಂತುಹೋದರೂ ಬಾಕಿ ಕೇಳಲು ಆಧಾರವೊಂದು ಕೈಯಲ್ಲಿರುತ್ತದೆ.