‘ಒಲ್ಲೆ’ ಅಂದ ಮಗನನ್ನು ಒಳಗೆ ಎಳೆದೊಯ್ದ ಮೇಲೆ

ಪ್ರಶ್ನೆ: ದಸರಾ ರಜೆಯಲ್ಲಿ ರಾಯಚೂರಿನಿಂದ ಹೈದರಾಬಾದಿಗೆ ಹೋಗಿ ರಾಮೋಜಿ ಫಿಲ್ಮ್ ಸಿಟಿ ನೋಡಿ ಬಂದೆವು. ನಾವಿಬ್ಬರು, ಅತ್ತೆ, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ, ಜತೆಗೆ ನಮ್ಮ ಭಾವನ ಮನೆಯವರು. ಬೆಳಗ್ಗೆಯಿಂದ ಮಗ ಖುಷಿಯಾಗೇ ಇದ್ದ. ಗುಂಡು ಹಾರಿಸುವ ಸ್ಟಂಟ್ ಶೋ ನೋಡಿ ಚಪ್ಪಾಳೆ ಹೊಡೆದ. ಮಧ್ಯಾಹ್ನದ ಮೇಲೆ ಭೂತದ ಆಟದ ಬಾಗಿಲಲ್ಲಿ ‘ನಾ ಒಲ್ಲೆ’ ಅಂತ ನಿಂತುಬಿಟ್ಟ. ನಮ್ಮವರು ‘ರೊಕ್ಕ ಕೊಟ್ಟು ಬಂದೀವಿ, ಗಂಡಸಾಗಿ ಅಂಜತೀಯೇನು’ ಅಂತ ಕೈಹಿಡಿದು ಎಳೆದುಕೊಂಡು ಹೋದರು. ಹೊರಗೆ ಬಂದಾಗ ಅವನ ಚಡ್ಡಿ ಒದ್ದೆಯಾಗಿತ್ತು. ಭಾವನ ಮಕ್ಕಳು ನಕ್ಕರು. ನಾನು ಎಲ್ಲರೆದುರೇ ಗಂಡನ ಮೇಲೆ ಕೂಗಾಡಿದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಇದಾಗಿ ಎರಡು ವಾರ. ಮಗ ಕತ್ತಲಾದ ಮೇಲೆ ಒಬ್ಬನೇ ಬಚ್ಚಲಿಗೆ ಹೋಗುವುದಿಲ್ಲ. ಎರಡು ಸಲ ಹಾಸಿಗೆ ಒದ್ದೆ ಮಾಡಿಕೊಂಡ. ಅಪ್ಪನ ಪಕ್ಕ ಮಲಗಲು ಒಪ್ಪುವುದಿಲ್ಲ. ನಮ್ಮವರು ‘ಇನ್ನೊಮ್ಮೆ ಕರಕೊಂಡು ಹೋಗಿ ಅಂಜಿಕೆ ಬಿಡಿಸ್ತೀನಿ’ ಅಂತಾರೆ. ಅತ್ತೆ ‘ಗಾಳಿ ಸೋಕೇದ, ತಾಯತ ಕಟ್ಟಸು’ ಅಂತಾರೆ. ನನ್ನ ಮಗ ಪುಕ್ಕಲನಾ? ಒಂದು ದಿನ ಸುಖವಾಗಿರೋಣ ಅಂತ ಕೂಡಿಟ್ಟ ರೊಕ್ಕದಲ್ಲಿ ಮಗನನ್ನು ನಾವೇ ಕೆಡಿಸಿಕೊಂಡೆವಾ?
– ಹೆಸರು ಬೇಡ, ರಾಯಚೂರು

ಉತ್ತರ: ನಿಮ್ಮ ಪತ್ರದಲ್ಲಿ ಮಗನ ಭಯದಷ್ಟೇ ನಿಮ್ಮ ದುಃಖವೂ ಕಾಣುತ್ತದೆ. ಮನೆಖರ್ಚು ಬಿಗಿಹಿಡಿದು ಉಳಿಸಿದ ದುಡ್ಡು, ಎಲ್ಲರ ರಜೆ ಹೊಂದಿಸಿದ ಶ್ರಮ, ವಾರಗಟ್ಟಲೆ ಮಕ್ಕಳ ಬಾಯಲ್ಲಿ ಅದೇ ಮಾತು. ಅಂಥ ದಿನ ಹೀಗೆ ಮುಗಿದಾಗ ‘ಆಗಿದ್ದಾಯ್ತು ಬಿಡು’ ಎಂದು ಕೊಡವಿಕೊಂಡು ಏಳಲು ಆಗುವುದಿಲ್ಲ. ನಿಮಗೆ ಮಗನ ಮೇಲೆ ಕನಿಕರ, ಗಂಡನ ಮೇಲೆ ಸಿಟ್ಟು, ನಿಮ್ಮ ಮೇಲೆಯೇ ಬೇಸರ, ಮೂರೂ ಒಟ್ಟಿಗೆ ಆಗುತ್ತಿದ್ದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಇಂಥ ಪ್ರವಾಸದಿಂದ ಮುಖ ಸಿಂಡರಿಸಿಕೊಂಡು ಮನೆಗೆ ಬಂದವರು ಇದನ್ನು ಓದುತ್ತಿರುವವರಲ್ಲೂ ಬಹಳ ಮಂದಿ ಇರುತ್ತಾರೆ. ಫೋಟೊದಲ್ಲಿ ಮಾತ್ರ ಎಲ್ಲರೂ ನಗುತ್ತಿರುತ್ತಾರೆ, ಅಷ್ಟೆ.

ನಿಮ್ಮ ಮೊದಲ ಪ್ರಶ್ನೆಗೆ ಮೊದಲು ಉತ್ತರ. ಇಲ್ಲ, ನಿಮ್ಮ ಮಗ ಪುಕ್ಕಲನಲ್ಲ. ಬಂದೂಕಿನ ಸದ್ದಿಗೆ ಚಪ್ಪಾಳೆ ಹೊಡೆದ ಹುಡುಗ ಅವನು. ಅಣ್ಣಂದಿರೆಲ್ಲ ಒಳಗೆ ಹೊರಟಿದ್ದಾರೆ, ಅಪ್ಪ ಒತ್ತಾಯ ಮಾಡುತ್ತಿದ್ದಾರೆ, ಹಿಂದೆ ಸಾಲು ಕಾಯುತ್ತಿದೆ. ಇಷ್ಟರ ನಡುವೆ ನಿಂತು ‘ನಾ ಒಲ್ಲೆ’ ಎಂದು ಬಾಯಿಬಿಟ್ಟು ಹೇಳುವುದು ಎಷ್ಟೋ ದೊಡ್ಡವರ ಕೈಲೂ ಆಗುವುದಿಲ್ಲ. ತನಗೆ ಎಷ್ಟು ತಡೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಅದನ್ನು ಸರಿಯಾದ ಹೊತ್ತಿಗೆ ಹೇಳಿದ.

‘ಅದೆಲ್ಲ ಸುಳ್ಳು ಅಂತ ಅವನಿಗೂ ಗೊತ್ತಿತ್ತಲ್ಲ’ ಎಂದು ನಿಮ್ಮ ಯಜಮಾನರು ಕೇಳಬಹುದು. ಗೊತ್ತಿರುತ್ತದೆ. ಎಂಟು ವರ್ಷದ ಮಗುವಿಗೆ ಬಣ್ಣದ ಭೂತ ಯಾವುದು ಎಂದು ಸಾಮಾನ್ಯವಾಗಿ ತಿಳಿಯುತ್ತದೆ. ಆದರೆ ತಿಳಿವಳಿಕೆ ಬೇರೆ, ಹೆದರಿಕೆ ಬೇರೆ. ಕತ್ತಲಲ್ಲಿ ಏನಾದರೂ ದಿಢೀರನೆ ಮುಂದೆ ಬಂದಾಗ ಮಿದುಳಿನಲ್ಲಿ ಅಮಿಗ್ಡಲಾ ಎಂಬ ಪುಟ್ಟ ಭಾಗ ಮೊದಲು ಎಚ್ಚರಿಕೆ ಕೊಡುತ್ತದೆ, ‘ಇದು ಬೊಂಬೆ’ ಎಂಬ ಯೋಚನೆ ಆಮೇಲೆ ಬರುತ್ತದೆ. ಅಷ್ಟರಲ್ಲಿ ಎದೆ ಹೊಡೆದುಕೊಂಡಾಗಿರುತ್ತದೆ, ಕೈಕಾಲು ತಣ್ಣಗಾಗಿರುತ್ತದೆ, ಕೆಲವೊಮ್ಮೆ ಮೂತ್ರದ ಹಿಡಿತವೂ ತಪ್ಪುತ್ತದೆ. ಇದು ದೇಹ ಮಾಡುವ ಕೆಲಸ, ಇದರಲ್ಲಿ ಗಂಡಸುತನದ ಮಾತಿಲ್ಲ. ದೊಡ್ಡವರು ಅದೇ ಆಟದಿಂದ ನಗುತ್ತ ಹೊರಬರುವುದು ಯಾಕೆಂದರೆ ಅವರು ತಾವಾಗಿ ಒಳಗೆ ಹೋದವರು, ಐದು ನಿಮಿಷಕ್ಕೆ ಮುಗಿಯುತ್ತದೆ ಎಂಬ ಧೈರ್ಯ ಇರುವವರು. ಎಳೆದೊಯ್ದ ಮಗುವಿಗೆ ಇವೆರಡೂ ಇರುವುದಿಲ್ಲ.

ಇನ್ನೊಂದು ಮಾತು. ಇಂಥ ಜಾಗಗಳಲ್ಲಿ ಕೆಲವು ಆಟಗಳು ಇರುವುದೇ ಹೆದರಿಸುವುದಕ್ಕೆ. ಸಿನಿಮಾದ ಲೋಕವನ್ನು ಮೈದಾನಕ್ಕೆ ಇಳಿಸಿದ ಅಮೆರಿಕದ ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದಾಗ ಅಲ್ಲಿ ಸ್ನೋ ವೈಟ್ ಕಥೆಯ ಒಂದು ಆಟವಿತ್ತು. ಹೆಸರು ಕೇಳಿದರೆ ಹೂವಿನಂಥದ್ದು, ಒಳಗೆ ಹೋದರೆ ಮಾಟಗಾತಿಯ ಕಾಟ. 1983ರಲ್ಲಿ ಅದನ್ನು ಹೊಸದಾಗಿ ಕಟ್ಟಿದಾಗ ಹೆಸರಿನಲ್ಲೇ ‘ಸ್ಕೇರಿ’ ಎಂಬ ಪದ ಸೇರಿಸಿದರು, ಹೆತ್ತವರಿಗೆ ಮೊದಲೇ ತಿಳಿಯುವಂತೆ. 2021ರಲ್ಲಿ ಆಟವನ್ನೇ ಇನ್ನಷ್ಟು ಮೆತ್ತಗೆ ಮಾಡಿ ಬೇರೆ ಹೆಸರಿಟ್ಟರು. ಕಟ್ಟಿದವರೇ ಮಕ್ಕಳ ಹೆದರಿಕೆಗೆ ಬೆಲೆ ಕೊಟ್ಟು ಹೆಸರು ಬದಲಿಸಿರುವಾಗ, ನಿಮ್ಮ ಮಗ ಹೆದರಿದ್ದರಲ್ಲಿ ತಪ್ಪು ಹುಡುಕಬೇಕಾಗಿಲ್ಲ.

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ. ಮಗ ಕತ್ತಲಿಗೆ ಹೆದರುವುದಕ್ಕೆ ಆ ಭೂತ ಕಾರಣ ಇರಬಹುದು. ಆದರೆ ಅಪ್ಪನ ಪಕ್ಕ ಮಲಗದಿರುವುದಕ್ಕೆ ಅದು ಕಾರಣವಲ್ಲ ಎಂದು ನನಗನ್ನಿಸುತ್ತದೆ. ಅಲ್ಲಿ ನೋವು ಎರಡು ಬಗೆಯದು. ತಾನು ‘ಒಲ್ಲೆ’ ಅಂದದ್ದಕ್ಕೆ ಬೆಲೆ ಇರಲಿಲ್ಲ ಎಂಬುದು ಒಂದು. ಓರಗೆಯವರೆದುರು ಮಾನ ಹೋಯಿತು ಎಂಬುದು ಇನ್ನೊಂದು. ಎಂಟು ವರ್ಷಕ್ಕೆ ಮಾನದ ಲೆಕ್ಕ ಎಲ್ಲಿಯದು ಎಂದು ನಾವು ತಿಳಿಯುತ್ತೇವೆ. ಬೇಕಾದಷ್ಟು ಇರುತ್ತದೆ. ಮನೆಯಲ್ಲಿ ಮೊದಲು ರಿಪೇರಿ ಆಗಬೇಕಾದದ್ದು ಅಪ್ಪನ ಮೇಲಿನ ಅವನ ನಂಬಿಕೆ. ಅಂಜಿಕೆಯ ಕೆಲಸ ಆಮೇಲೆ.

ಇದನ್ನು ಓದಿ ಯಜಮಾನರ ಮೇಲೆ ಇನ್ನಷ್ಟು ಸಿಟ್ಟಾಗಬೇಡಿ. ಅವರ ಕಡೆಯಿಂದಲೂ ಆ ದಿನವನ್ನು ನೋಡಿ. 1996ರಲ್ಲಿ ತೆರೆದ ರಾಮೋಜಿ ಫಿಲ್ಮ್ ಸಿಟಿ ಹೈದರಾಬಾದಿನಿಂದ ಸುಮಾರು 30 ಕಿಲೋಮೀಟರ್ ದೂರ, ವಿಜಯವಾಡ ಹೆದ್ದಾರಿಯ ಕಡೆ ಇದೆ. ಹರವು ಎಷ್ಟೆಂದರೆ ಜಗತ್ತಿನ ಅತಿ ದೊಡ್ಡ ಸ್ಟುಡಿಯೊ ಎಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ಕೆಂಪು ಬಸ್ಸಿನಲ್ಲಿ ಸುತ್ತಾಡಿಸಿ, ಬಾಹುಬಲಿಯ ಸೆಟ್ ತೋರಿಸಿ, ಶೋಗಳಿಗೆ ಇಳಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಇಡೀ ಮನೆಗೆ ಟಿಕೆಟ್ ತೆಗೆದ ಗಂಡಸಿನ ತಲೆಯಲ್ಲಿ ‘ಒಂದೂ ಬಿಡಬಾರದು’ ಎಂಬ ಲೆಕ್ಕ ಓಡುತ್ತಲೇ ಇರುತ್ತದೆ. ಬಿಸಿಲು, ಹಸಿವು, ಕಾಲುನೋವು, ಪಕ್ಕದಲ್ಲಿ ಅಣ್ಣನ ಮಕ್ಕಳು ಧೈರ್ಯವಾಗಿ ನಿಂತಿದ್ದಾರೆ. ಅವರು ಮಗನನ್ನು ಹಿಂಸಿಸಲು ಹೊರಟವರಲ್ಲ. ಕೊಟ್ಟ ದುಡ್ಡಿಗೆ ಮಗನಿಗೆ ಪೂರ್ತಿ ಸಂತೋಷ ಸಿಗಲಿ ಎಂದು ಹೊರಟವರು, ದಾರಿ ತಪ್ಪಿದರು.

ಅವರು ಬೆಳೆದ ರೀತಿಯೂ ಇದರಲ್ಲಿ ಇರಬಹುದು. ನಮ್ಮ ಕಡೆ ಹುಡುಗರನ್ನು ಬಾವಿಗೆ ನೂಕಿ ಈಜು ಕಲಿಸುತ್ತಿದ್ದರಲ್ಲ, ಹಾಗೆ ನೂಕಿದರೆ ಅಂಜಿಕೆ ಹೋಗುತ್ತದೆ ಎಂಬ ನಂಬಿಕೆ. ಆದರೆ ಬುದ್ಧಿಯಿರುವ ಹಿರಿಯರು ನೂಕುವ ಮುಂಚೆ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು, ಕೆಳಗೆ ನೀರಿನಲ್ಲಿ ಒಬ್ಬ ಈಜುಗಾರ ಕಾಯುತ್ತಿದ್ದ. ಆ ಹಗ್ಗದ ನೆನಪು ಬಿಟ್ಟು ನೂಕಿದ್ದನ್ನಷ್ಟೇ ನೆನಪಿಟ್ಟುಕೊಂಡದ್ದು ನಮ್ಮ ತಲೆಮಾರಿನ ಅಪ್ಪಂದಿರು.

ಆದ್ದರಿಂದ ಇನ್ನೊಮ್ಮೆ ಅಲ್ಲಿಗೆ ಕರೆದೊಯ್ದು ಅಂಜಿಕೆ ಬಿಡಿಸುವ ಯೋಚನೆ ಸದ್ಯ ಬೇಡವೇ ಬೇಡ. ಒತ್ತಾಯದಿಂದ ಎರಡನೇ ಸಲ ಒಳಗೆ ತಳ್ಳಿದರೆ ಭಯ ಇಳಿಯುವುದಕ್ಕಿಂತ ಗಟ್ಟಿಯಾಗುವ ಸಾಧ್ಯತೆಯೇ ಹೆಚ್ಚು. ಭಯ ಇಳಿಯುವುದು ಚೂರುಚೂರಾಗಿ, ಮಗು ತಾನಾಗಿ ಒಂದೊಂದು ಹೆಜ್ಜೆ ಮುಂದೆ ಇಟ್ಟಾಗ.

ಮೊದಲ ಹೆಜ್ಜೆ ಅಪ್ಪನದು. ಮಗನ ಜತೆ ಒಬ್ಬರೇ ಇರುವ ಹೊತ್ತು ನೋಡಿ, ‘ನೀ ಒಲ್ಲೆ ಅಂದಿದ್ದಿ. ನಾ ಕೇಳಬೇಕಿತ್ತು. ನಂದು ತಪ್ಪಾತು’ ಎಂದು ಹೇಳಿದರೆ ಸಾಕು. ಉದ್ದ ಭಾಷಣ ಬೇಡ, ‘ಆದರೆ ನೀನೂ...’ ಎಂಬ ಬಾಲ ಬೇಡ, ಕೈಯಲ್ಲಿ ಚಾಕೊಲೇಟೂ ಬೇಡ. ತಪ್ಪು ಒಪ್ಪಿಕೊಂಡರೆ ಮಗನ ಕಣ್ಣಲ್ಲಿ ಸಣ್ಣವನಾಗುತ್ತೇನೆ ಎಂಬ ಅಂಜಿಕೆ ಬಹಳ ಅಪ್ಪಂದಿರಿಗೆ ಇದೆ. ನಾನು ಕಂಡ ಮಕ್ಕಳಲ್ಲಿ ಆದದ್ದು ತಿರುಗಾಮುರುಗ. ಮಗ ಆ ಕ್ಷಣಕ್ಕೆ ಏನೂ ಹೇಳದೆ ಆಡಲು ಓಡಿಹೋಗಬಹುದು. ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು, ಕೇಳಿಸಿಕೊಂಡಿರುತ್ತಾನೆ.

ಯಜಮಾನರಿಗೆ ಈ ಮಾತು ತಲುಪಿಸಬೇಕಾದವರು ನೀವೇ, ಹಾಗಾಗಿ ನಿಮಗೂ ಒಂದು ಮಾತು. ಮಗನ ಪರವಾಗಿ ನೀವು ದನಿ ಎತ್ತಿದ್ದು ಸರಿ. ಅವರ ತಾಯಿ, ಅಣ್ಣ, ಅಣ್ಣನ ಮಕ್ಕಳ ಎದುರು ಎತ್ತಿದ್ದರಿಂದ ಅವರಿಗೂ ಮಗನಿಗಾದಂಥದ್ದೇ ಅವಮಾನ ಆಗಿರುತ್ತದೆ. ‘ನಾನು ಹೇಳಿದ್ದು ಸರಿ, ಹೇಳಿದ ರೀತಿ ನಿಮಗೆ ನೋವಾಯ್ತು ಅಂತ ಗೊತ್ತು’ ಎಂದು ಶುರು ಮಾಡಿ. ಅದರ ಮುಂದೆ ಮಾತು ಬೆಳೆಯುವುದು ಸುಲಭ. ಅದೂ ಮಕ್ಕಳು ಮಲಗಿದ ಮೇಲೆ.

ರಾತ್ರಿಗೆ ಒಂದು ಸಣ್ಣ ದೀಪ ಹಾಕಿಡಿ. ಬಚ್ಚಲಿಗೆ ಜತೆ ಹೋಗಿ, ಗೊಣಗದೆ ಹೋಗಿ. ಕೆಲವು ದಿನ ಒಳಗಿನ ತನಕ, ಆಮೇಲೆ ಬಾಗಿಲ ತನಕ, ಆಮೇಲೆ ಪಡಸಾಲೆಯಲ್ಲೇ ನಿಂತು ಮಾತಾಡುತ್ತಿರಿ, ನಿಮ್ಮ ದನಿ ಅವನಿಗೆ ಕೇಳುತ್ತಿರಲಿ. ಹಾಸಿಗೆ ಒದ್ದೆಯಾದರೆ ಬೈಗುಳವಿಲ್ಲದೆ ಬದಲಿಸಿ. ಹೆದರಿದ ಮಕ್ಕಳು ಕೆಲವು ದಿನ ತಮ್ಮ ವಯಸ್ಸಿಗಿಂತ ಚಿಕ್ಕವರಂತೆ ನಡೆದುಕೊಳ್ಳುವುದುಂಟು. ಚಡ್ಡಿಯ ಸುದ್ದಿ ಮಾತ್ರ ಮನೆಯಿಂದ ಆಚೆ ಹೋಗಬಾರದು, ತಮಾಷೆಗೂ ಹೋಗಬಾರದು. ನಿಮ್ಮ ನೆಗೆಣ್ಣಿಗೆ ಹೇಳಿ ಅವರ ಮಕ್ಕಳಿಗೂ ತಿಳಿಹೇಳಿಸಿ. ಯಾರ ಫೋನಿನಲ್ಲಾದರೂ ಆ ಹೊತ್ತಿನ ಫೋಟೊ, ವಿಡಿಯೊ ಇದ್ದರೆ ಅಳಿಸಿಬಿಡಿ.

ಅತ್ತೆಯವರ ತಾಯತದ ಮಾತಿಗೆ ಜಗಳ ಬೇಡ. ಮೊಮ್ಮಗನ ಮೇಲಿನ ಅಕ್ಕರೆ ಅವರಿಗೆ ಹಾಗೆ ಮಾತಾಗಿ ಬರುತ್ತಿದೆ. ದೃಷ್ಟಿ ತೆಗೆದು ತಲೆ ಸವರಿದರೆ ಮಗುವಿಗೆ ಹಾಯೆನಿಸಲೂಬಹುದು. ಆದರೆ ‘ಗಾಳಿ ಸೋಕಿದೆ’ ಎಂಬ ಮಾತು ಅವನ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಭೂತ ಸುಳ್ಳು ಎಂದು ಒಬ್ಬರು, ಅದು ನಿನ್ನ ಮೈಮೇಲೇ ಇದೆ ಎಂದು ಇನ್ನೊಬ್ಬರು ಹೇಳಿದರೆ ಆ ಮಗು ಯಾರನ್ನು ನಂಬಬೇಕು?

ಅವನು ಸ್ವಲ್ಪ ಹಗುರಾದ ಮೇಲೆ ಮಾಡಬಹುದಾದ ಒಂದು ಕೆಲಸವಿದೆ. ಅದೇ ಫಿಲ್ಮ್ ಸಿಟಿಯಲ್ಲಿ ಸಿನಿಮಾ ಹೇಗೆ ಮಾಡುತ್ತಾರೆ ಎಂದು ತೋರಿಸುವ ‘ಮೂವಿ ಮ್ಯಾಜಿಕ್’ ಇದೆ. ನೋಡಲು ಬಂದವರಲ್ಲೇ ಒಬ್ಬರನ್ನು ಓಡದ ಜಟಕಾದ ಮೇಲೆ ಕೂರಿಸಿ ಚಿತ್ರ ತೆಗೆಯುತ್ತಾರೆ, ಶಬ್ದ ಬೇರೆ ಕೂಡಿಸುತ್ತಾರೆ, ಕೊನೆಗೆ ಪರದೆಯ ಮೇಲೆ ಜಟಕಾ ಧೂಳೆಬ್ಬಿಸಿ ಓಡುತ್ತಿರುತ್ತದೆ. ಅದನ್ನು ನೀವು ನೋಡಿ ಬಂದಿದ್ದರೆ ಮಗನಿಗೆ ನೆನಪು ಮಾಡಿ, ಮನೆಯಲ್ಲೇ ನಿಮ್ಮ ಫೋನಿನಲ್ಲಿ ಒಂದು ಭೂತದ ಸಿನಿಮಾ ತೆಗೆಯಿರಿ. ಅಕ್ಕ ಅಜ್ಜಿಯ ಬಿಳಿ ಸೀರೆ ಹೊದ್ದು ಭೂತವಾಗಲಿ, ಗಲ್ಲದ ಕೆಳಗೆ ಟಾರ್ಚ್ ಹಿಡಿಯಲಿ. ಅಪ್ಪ ಹೆದರಿ ಓಡುವ ಪಾತ್ರ ಮಾಡಲಿ (ಅವರು ಒಪ್ಪಿದರೆ ಅರ್ಧ ಕೆಲಸ ಆದಂತೆಯೇ). ಡೈರೆಕ್ಟರ್ ಮಾತ್ರ ಮಗನೇ. ‘ಆ್ಯಕ್ಷನ್’ ಅನ್ನುವವನೂ ಅವನೇ, ‘ಕಟ್’ ಅನ್ನುವವನೂ ಅವನೇ. ಅವನು ‘ಕಟ್’ ಅಂದ ಕೂಡಲೇ ಎಲ್ಲರೂ ನಿಲ್ಲಬೇಕು, ಲೈಟು ಹತ್ತಬೇಕು. ಆ ದಿನ ನಿಲ್ಲದೆ ಹೋದದ್ದು ಇಲ್ಲಿ ಅವನ ಒಂದು ಮಾತಿಗೆ ನಿಲ್ಲುತ್ತದೆ. ಅವನಿಗೆ ಮನಸ್ಸಿಲ್ಲದಿದ್ದರೆ ಇದನ್ನೂ ಬಿಡಿ, ತಿಂಗಳು ಬಿಟ್ಟು ಕೇಳಿ.

ರಜೆಗೆ ಇಂಥ ಜಾಗಗಳಿಗೆ ಹೊರಟಿರುವ ಬೇರೆ ಓದುಗರಿಗೆ: ಭಯದ ಆಟಗಳಿಗೆ ಹೋಗುವ ಮುಂಚೆ ಮಗುವನ್ನು ಹೊರಗೇ ಕೇಳಿ, ‘ಬೇಡ’ ಅಂದರೆ ಅಲ್ಲಿಗೆ ಬಿಡಿ. ಒಬ್ಬರು ಹೊರಗೆ ಉಳಿದರೆ ಟಿಕೆಟ್ ದುಡ್ಡೇನೂ ದಂಡವಲ್ಲ. ಹೊರಗೆ ಕೂತ ಹೊತ್ತೂ ದಂಡವಲ್ಲ: ಡಿಸ್ನಿಲ್ಯಾಂಡ್ ಕಟ್ಟಿದ ವಾಲ್ಟ್ ಡಿಸ್ನಿ ಹೇಳಿಕೊಂಡಿರುವ ಪ್ರಕಾರ, ಅದನ್ನು ಕಟ್ಟುವ ಯೋಚನೆ ಅವರಿಗೆ ಹೊಳೆದದ್ದೇ ತಮ್ಮ ಹೆಣ್ಣುಮಕ್ಕಳು ಮರದ ಕುದುರೆಯ ಮೇಲೆ ಸುತ್ತುವಾಗ ಪಕ್ಕದ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿದ್ದಾಗ.

ಕೊನೆಗೆ, ಯಾವಾಗ ಹೊರಗಿನವರ ನೆರವು ಪಡೆಯಬೇಕು ಎಂಬುದು. ಎರಡು ವಾರ ಹೀಗಿರುವುದು ಗಾಬರಿಯ ವಿಷಯವಲ್ಲ, ಹೆಚ್ಚಿನ ಮಕ್ಕಳು ದಿನ ಕಳೆದಂತೆ ಸರಿಹೋಗುತ್ತಾರೆ. ಒಂದು ತಿಂಗಳು ದಾಟಿದರೂ ಕೆಟ್ಟ ಕನಸು, ಹಾಸಿಗೆ ಒದ್ದೆಯಾಗುವುದು, ಅಪ್ಪನಿಂದ ದೂರ ಸರಿಯುವುದು ಕಡಿಮೆಯಾಗದಿದ್ದರೆ, ಅಥವಾ ಶಾಲೆಗೆ ಹೋಗಲು, ಊಟ ಮಾಡಲು ನಿರಾಕರಿಸಿದರೆ ಕಾಯಬೇಡಿ. ಮೂತ್ರ ಮಾಡುವಾಗ ಉರಿ ಅಥವಾ ಜ್ವರ ಇದ್ದರೆ ಇವತ್ತೇ ಮಕ್ಕಳ ವೈದ್ಯರಿಗೆ ತೋರಿಸಿ, ಅದು ಬೇರೆ ತೊಂದರೆ ಇರಬಹುದು. ಮನಸ್ಸಿನ ವಿಷಯಕ್ಕೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಹೋಗಲು ಹಿಂಜರಿಕೆಯಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಈ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಧ್ಯವಾದರೆ ಆ ಕರೆಯನ್ನು ನೀವಿಬ್ಬರೂ ಒಟ್ಟಿಗೆ ಕೂತು ಮಾಡಿ.