ನಿಮ್ಮ ನಾಲಿಗೆಗೆ ಒಪ್ಪುವ ಸ್ಕಾಚ್ ಯಾವುದು? ಶೇಂದ್ರಾದಲ್ಲಿ ಕೂತು ಹೋಲಿಸಿ ನೋಡುವ ಬಗೆ

ಛತ್ರಪತಿ ಸಂಭಾಜಿನಗರದಿಂದ ಜಾಲ್ನಾ ರಸ್ತೆ ಹಿಡಿದರೆ ಸಿಗುವ ಶೇಂದ್ರಾ ಕೈಗಾರಿಕಾ ವಲಯದಲ್ಲಿ ಸ್ಕೋಡಾ ಕಾರಿನ ಕಾರ್ಖಾನೆಯಿದೆ. ಧಾನ್ಯದಿಂದ ಮದ್ಯಸಾರ ತೆಗೆಯುವ ರ್‍ಯಾಡಿಕೋ ಎನ್‌ವಿ ಡಿಸ್ಟಿಲರಿಯೂ ಇದೆ. ಪಶ್ಚಿಮಕ್ಕೆ ನಾಸಿಕ್ ಜಿಲ್ಲೆಗೆ ಹೋದರೆ ದಿಂಡೋರಿಯಲ್ಲಿ ಲಾಂಗಿಟ್ಯೂಡ್ 77 ಎಂಬ ಭಾರತೀಯ ಸಿಂಗಲ್ ಮಾಲ್ಟ್ ತಯಾರಾಗುತ್ತದೆ. ಇಂಥ ಸೀಮೆಯಲ್ಲಿ ನೌಕರಿ ಮಾಡುವ ಕನ್ನಡಿಗರ ಮನೆಗಳಲ್ಲಿ ಶನಿವಾರ ಸಂಜೆ ಸ್ಕಾಚ್ ಮಾತು ಬಂದರೆ ಅಚ್ಚರಿಯಿಲ್ಲ. 2022ರಲ್ಲಿ ಸುಮಾರು 21.9 ಕೋಟಿ ಬಾಟಲಿಯಷ್ಟು ಸ್ಕಾಚ್ ತರಿಸಿಕೊಂಡು ಭಾರತ, ಬಾಟಲಿ ಲೆಕ್ಕದಲ್ಲಿ ಫ್ರಾನ್ಸನ್ನೂ ಹಿಂದಿಕ್ಕಿತು.

ಇಷ್ಟಾದರೂ "ಯಾವುದು ಚೆನ್ನಾಗಿದೆ?" ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಬೆಲೆಯದ್ದು, ಇಲ್ಲವೇ ಲೇಬಲ್‌ನದ್ದು. ಲೇಬಲ್ ಮುಚ್ಚಿ ರುಚಿ ನೋಡುವವರೆಗೆ ನಮ್ಮ ಇಷ್ಟ ಯಾವುದೆಂದು ನಮಗೇ ತಿಳಿದಿರುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಅದನ್ನು ತಿಳಿಯುವ ದಾರಿ ಕಷ್ಟದ್ದಲ್ಲ. ನಾಲ್ಕು ಜನ, ನಾಲ್ಕು ಬಗೆಯ ವಿಸ್ಕಿ, ಒಂದು ಸಂಜೆ ಸಾಕು.

ಶುರುಮಾಡುವ ಮೊದಲು ಕಾನೂನಿನ ಮಾತು. ಮಹಾರಾಷ್ಟ್ರದಲ್ಲಿ ವಿಸ್ಕಿ ಕುಡಿಯಲು 25 ವರ್ಷ ತುಂಬಿರಬೇಕು, ಪರ್ಮಿಟ್ಟೂ ಬೇಕು. ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕಾದವರು ಈ ಸಂಜೆ ಸುರಿದುಕೊಡುವ ಕೆಲಸ ಮಾತ್ರ ಮಾಡಲಿ.

ಹಂತ 1: ಬಾಟಲಿಯ ಮೇಲಿರುವುದನ್ನು ಓದಿ

ಸ್ಕಾಚ್ ಎನ್ನಿಸಿಕೊಳ್ಳಲು ಅದು ಸ್ಕಾಟ್ಲೆಂಡಿನಲ್ಲೇ ಬಟ್ಟಿಯಿಳಿದು, ಅಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಕಳೆದಿರಬೇಕು. ಬಾಟಲಿಗೆ ಇಳಿಯುವಾಗ ಶೇ. 40ಕ್ಕಿಂತ ಕಡಿಮೆ ಮದ್ಯಸಾರ ಇರಕೂಡದು. ಬ್ರಿಟನ್ನಿನ 2009ರ ನಿಯಮಾವಳಿ ಇದನ್ನು ಐದು ವರ್ಗ ಮಾಡಿದೆ. ನಿಮಗೆ ಸದ್ಯಕ್ಕೆ ಎರಡು ಗೊತ್ತಿದ್ದರೆ ಆಯಿತು. ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಕಟ್ಟಿದ ಬಾರ್ಲಿಯಿಂದಲೇ ಮಾಡಿದ್ದು ಸಿಂಗಲ್ ಮಾಲ್ಟ್. ಮಾಲ್ಟಿಗೆ ಬೇರೆ ಧಾನ್ಯದ ವಿಸ್ಕಿಯನ್ನು ಬೆರೆಸಿದ್ದು ಬ್ಲೆಂಡೆಡ್.

ಆ ಧಾನ್ಯದ ವಿಸ್ಕಿಗೂ ನಮ್ಮಲ್ಲಿ ಧಾನ್ಯದಿಂದ ತೆಗೆಯುವ ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲಿಗೂ ವ್ಯತ್ಯಾಸವಿದೆ. ನಮ್ಮಲ್ಲಿ ಅದನ್ನು ಶೇ. 96ರ ಆಸುಪಾಸಿಗೆ ಏರಿಸಿ ಧಾನ್ಯದ ವಾಸನೆ ಉಳಿಯದಂತೆ ಶುದ್ಧ ಮಾಡುತ್ತಾರೆ. ಸ್ಕಾಟ್ಲೆಂಡಿನ ನಿಯಮದಲ್ಲಿ ಶೇ. 94.8 ದಾಟುವಂತಿಲ್ಲ, ಏಕೆಂದರೆ ಧಾನ್ಯದ ಪರಿಮಳ ಉಳಿಯಬೇಕು. ನೋಡಲು ಸಣ್ಣ ಅಂತರ, ನಾಲಿಗೆಗೆ ದೊಡ್ಡದು.

ಬಾಟಲಿಯಲ್ಲಿ 12 ಎಂದಿದ್ದರೆ ಒಳಗಿರುವುದರಲ್ಲಿ ಅತಿ ಎಳೆಯದಕ್ಕೂ 12 ವರ್ಷ ಆಗಿದೆ ಎಂದರ್ಥ. ಬಣ್ಣವನ್ನು ಮಾತ್ರ ನಂಬಬೇಡಿ. ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ನಿಯಮದಲ್ಲೇ ಅವಕಾಶವಿದೆ.

ಹಂತ 2: ಒಂದೇ ವ್ಯತ್ಯಾಸವಿರುವ ಜೋಡಿ ಆರಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಕೈಗೆ ಸಿಕ್ಕ ನಾಲ್ಕು ಬಾಟಲಿ ಸಾಲಾಗಿಟ್ಟರೆ ಎಲ್ಲವೂ ಬೇರೆ ಬೇರೆ ಅನ್ನಿಸುತ್ತದೆ, ಏಕೆ ಬೇರೆ ಎಂಬುದು ತಿಳಿಯುವುದಿಲ್ಲ. ಜೋಡಿಯಾಗಿ ಆರಿಸಿಕೊಳ್ಳಿ.

ಮೊದಲ ಜೋಡಿ ಪೀಪಾಯಿಯದ್ದು: ಗ್ಲೆನ್‌ಮೊರಾಂಜಿ ಒರಿಜಿನಲ್ ಮತ್ತು ಗ್ಲೆನ್‌ಮೊರಾಂಜಿ ಲಸಾಂಟಾ. ಎರಡೂ ಒಂದೇ ಡಿಸ್ಟಿಲರಿಯವು. ಒರಿಜಿನಲ್ ಅಮೆರಿಕದ ಬರ್ಬನ್ ಇದ್ದ ಪೀಪಾಯಿಯಲ್ಲಿ ಬೆಳೆದದ್ದು. ಲಸಾಂಟಾ ಅಲ್ಲಿಂದ ಎದ್ದು ಸ್ಪೇನಿನ ಶೆರಿ ವೈನ್ ಇದ್ದ ಪೀಪಾಯಿಯಲ್ಲೂ ಸ್ವಲ್ಪ ಕಾಲ ಕಳೆದದ್ದು. ಒಂದರಲ್ಲಿ ಕಿತ್ತಳೆ ಸಿಪ್ಪೆ, ವೆನಿಲ್ಲಾ. ಇನ್ನೊಂದರಲ್ಲಿ ಒಣದ್ರಾಕ್ಷಿ, ಚಕ್ಕೆ.

ಎರಡನೆಯ ಜೋಡಿ ಹೊಗೆಯದ್ದು: ಜಾನಿ ವಾಕರ್ ಬ್ಲ್ಯಾಕ್ ಲೇಬಲ್ ಮತ್ತು ಡಬಲ್ ಬ್ಲ್ಯಾಕ್. ಬಾರ್ಲಿಯನ್ನು ಒಣಗಿಸುವಾಗ ಪೀಟ್ ಎಂಬ ಜೌಗು ನೆಲದ ಮಣ್ಣನ್ನು ಉರಿಸಿದರೆ ಅದರ ಹೊಗೆ ಕಾಳಿಗೆ ಹತ್ತುತ್ತದೆ. ಬ್ಲ್ಯಾಕ್ ಲೇಬಲಿನಲ್ಲಿ ಅದು ಹಿನ್ನೆಲೆಯಲ್ಲಿರುತ್ತದೆ, ಡಬಲ್ ಬ್ಲ್ಯಾಕಿನಲ್ಲಿ ಮುಂದೆ ಬರುತ್ತದೆ. ಹೊಗೆ ಇಷ್ಟವಾದರೆ ಇನ್ನೊಂದು ಸಂಜೆ ಸ್ಕೈ ದ್ವೀಪದ ಟಾಲಿಸ್ಕರ್, ಐಲಾ ದ್ವೀಪದ ಲಫ್ರೋಯ್ಗ್ ನೋಡಬಹುದು. ಮೊದಲ ದಿನವೇ ಲಫ್ರೋಯ್ಗ್ ಬೇಡ. ಅದರ ಆಸ್ಪತ್ರೆಯ ಡೆಟಾಲ್ ವಾಸನೆ ಮೂಗಿನಲ್ಲಿ ಕೂತರೆ ಮಿಕ್ಕ ಮೂರು ಲೋಟಕ್ಕೆ ನ್ಯಾಯ ಸಿಗುವುದಿಲ್ಲ.

ನಾಲ್ಕು ಬಾಟಲಿಯ ಖರ್ಚನ್ನು ನಾಲ್ಕು ಜನ ಹಂಚಿಕೊಳ್ಳಿ. ಮಿನಿಯೇಚರ್ ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 3: ಲೋಟ, ಅಳತೆ, ಕೋಣೆ

ಒಂದೊಂದು ಬಗೆಗೆ 15 ಮಿಲೀ ಸಾಕು. ನಾಲ್ಕಕ್ಕೆ 60 ಮಿಲೀ, ಅಂದರೆ ಒಂದು ಲಾರ್ಜ್. ಅದರಾಚೆಗೆ ನಾಲಿಗೆ ಹೇಳುವ ತೀರ್ಪಿಗೆ ಬೆಲೆಯಿಲ್ಲ.

ಬಾಯಿ ಕಿರಿದಾಗುವ ಗಾಜಿನ ಲೋಟ ಬೇಕು. 2001ರಲ್ಲಿ ಬಂದ ಗ್ಲೆನ್‌ಕೇರ್ನ್ ಲೋಟ ಇದಕ್ಕೆಂದೇ ಮಾಡಿದ್ದು; ಅದಿಲ್ಲದಿದ್ದರೆ ವೈನ್ ಗ್ಲಾಸು. ಸಾಮಾನ್ಯ ನೆಟ್ಟನೆಯ ಲೋಟದಲ್ಲಿ ಪರಿಮಳ ನಿಲ್ಲುವುದಿಲ್ಲ.

ಮರಾಠವಾಡದ ಏಪ್ರಿಲ್, ಮೇ ತಿಂಗಳ ಧಗೆಯಲ್ಲಿ ಈ ಕೆಲಸ ಆಗದು. ಬಿಸಿಗೆ ಮದ್ಯಸಾರದ ಆವಿ ಮೊದಲೆದ್ದು ಮೂಗನ್ನು ಚುಚ್ಚುತ್ತದೆ, ಹಣ್ಣಿನ ವಾಸನೆಗಳು ಅದರಡಿ ಮುಚ್ಚಿಹೋಗುತ್ತವೆ. ಚಳಿಗಾಲದ ಸಂಜೆ ಇಟ್ಟುಕೊಳ್ಳಿ, ಇಲ್ಲವೇ ಎಸಿ ಹಾಕಿ ಕೋಣೆಯನ್ನು 22–24 ಡಿಗ್ರಿಗೆ ತನ್ನಿ. ಅಗರಬತ್ತಿ, ಅತ್ತರು, ಅಡುಗೆಮನೆಯ ಒಗ್ಗರಣೆ, ಎಲ್ಲಕ್ಕೂ ಅಷ್ಟು ಹೊತ್ತು ರಜೆ. ಸೇವು, ಮಸಾಲೆ ಶೇಂಗಾ, ಚಿಕನ್ ಫ್ರೈ ಆಮೇಲೆ ಬರಲಿ. ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ ಉಪ್ಪಿಲ್ಲದ ಬ್ರೆಡ್ಡಿನ ಚೂರು, ನೀರು, ಅಷ್ಟೇ.

ಹಂತ 4: ಗಟ್ಟಿತನ ಸಮ ಮಾಡಿ, ಹೆಸರು ಮುಚ್ಚಿ

ನಮ್ಮ ದೇಶದ ಬಾಟಲಿಗಳಲ್ಲಿ ಶೇ. 42.8 ಎಂಬ ಅಂಕಿ ಮೇಲಿಂದ ಮೇಲೆ ಕಾಣುತ್ತದೆ. ಅದು ಹಳೆಯ ಪ್ರೂಫ್ ಲೆಕ್ಕದ 75 ಡಿಗ್ರಿ. ಕೆಲವು ಬಾಟಲಿಗಳಲ್ಲಿ 40, ಕೆಲವುಗಳಲ್ಲಿ 43. ಹೆಚ್ಚು ಗಟ್ಟಿಯಿರುವುದು ಸುಮ್ಮನೆ ಹೆಚ್ಚು ರುಚಿ ಅನ್ನಿಸಿಬಿಡುತ್ತದೆ. 42.8 ಇರುವ 15 ಮಿಲೀಗೆ ಒಂದು ಮಿಲೀ ನೀರು ಸೇರಿಸಿದರೆ ಅದು 40ಕ್ಕೆ ಇಳಿಯುತ್ತದೆ. ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜ್ ಇದಕ್ಕೆ ಅನುಕೂಲ.

ಈಗ ಕುಡಿಯದಿರುವ ಒಬ್ಬರು ಒಳಗಿನ ಕೋಣೆಯಲ್ಲಿ ಸುರಿದು, ಲೋಟದಡಿಗೆ 1ರಿಂದ 4ರವರೆಗೆ ಚೀಟಿ ಅಂಟಿಸಿ, ಯಾವ ಅಂಕಿ ಯಾವ ಬಾಟಲಿ ಎಂಬುದನ್ನು ತಮ್ಮ ಬಳಿ ಬರೆದಿಟ್ಟುಕೊಳ್ಳಲಿ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರ ತಮ್ಮ ಪುಸ್ತಕದಲ್ಲಿ ಚಹಾದ ಒಂದು ಪರೀಕ್ಷೆ ವಿವರಿಸುತ್ತಾರೆ. ಹಾಲು ಮೊದಲು ಹಾಕಿದರೋ ಚಹಾ ಮೊದಲು ಹಾಕಿದರೋ ಎಂದು ಗುರುತಿಸಬಲ್ಲೆ ಎಂದ ಮಹಿಳೆಯ ಮುಂದೆ ಎಂಟು ಬಟ್ಟಲು, ನಾಲ್ಕು ಹೀಗೆ, ನಾಲ್ಕು ಹಾಗೆ. ಸುಮ್ಮನೆ ಊಹಿಸಿ ಎಲ್ಲವನ್ನೂ ಸರಿಯಾಗಿ ಹೇಳುವ ಸಾಧ್ಯತೆ 70ರಲ್ಲಿ ಒಂದು. ನೀವು ಮಾಡುತ್ತಿರುವುದೂ ಅದೇ ಜಾತಿಯ ಪರೀಕ್ಷೆ.

ಹಂತ 5: ಮೂಗು, ನಾಲಿಗೆ, ಆಮೇಲೆ ನೀರು

ಲೋಟವನ್ನು ಮೂಗಿನಿಂದ ಒಂದು ಗೇಣು ದೂರದಿಂದ ಮೆಲ್ಲಗೆ ಹತ್ತಿರ ತನ್ನಿ, ಬಾಯಿ ಸ್ವಲ್ಪ ತೆರೆದಿರಲಿ. ನಾಲ್ಕನ್ನೂ ಮೂಸಿ ಮುಗಿಸಿ, ಬರೆದು, ಆಮೇಲೆ ಮೊದಲ ಗುಟುಕು. ಅದು ಬಾಯಿ ಒಗ್ಗಲು ಮಾತ್ರ, ತೀರ್ಪಿಗಲ್ಲ. ಎರಡನೆಯದನ್ನು ನಾಲಿಗೆಯ ಮೇಲೆ ಹೊರಳಿಸಿ ನುಂಗಿ, ಎಷ್ಟು ಹೊತ್ತು ರುಚಿ ನಿಲ್ಲುತ್ತದೆ ನೋಡಿ.

ಆಮೇಲೆ ಕೆಲವು ಹನಿ ನೀರು ಹಾಕಿ ಮತ್ತೊಮ್ಮೆ. ನೀರು ಬೆರೆಸುವುದು ಅವಮಾನ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸ್ವೀಡನ್ನಿನ ಕಾರ್ಲ್ಸನ್ ಮತ್ತು ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ್ದು ಇದನ್ನೇ: ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್ ಎಂಬ ಅಣು, ಮದ್ಯಸಾರ ಶೇ. 45ರವರೆಗೆ ಇದ್ದಾಗ ದ್ರವದ ಮೇಲ್ಮೈಯಲ್ಲಿ ನಿಲ್ಲುತ್ತದೆ, ಶೇ. 59 ಮೀರಿದರೆ ಮದ್ಯಸಾರದ ಅಣುಗಳ ನಡುವೆ ಒಳಗೆ ಸೇರಿಕೊಳ್ಳುತ್ತದೆ. ಐಸು, ಸೋಡಾ ಮಾತ್ರ ಹೋಲಿಸಿ ಮುಗಿದ ಮೇಲೆ. ತಣ್ಣಗಾದರೆ ವಾಸನೆಗಳು ಮಲಗಿಬಿಡುತ್ತವೆ.

ಬರೆಯುವಾಗ ನಿಮ್ಮ ಮನೆಯ ಪರಿಮಳಗಳನ್ನೇ ಬಳಸಿ: ಆಲೆಮನೆಯ ಬೆಲ್ಲ, ಹಲಸಿನ ತೊಳೆ, ನೆನೆದ ಗೋಣಿಚೀಲ, ಏಲಕ್ಕಿ, ಹೊಗೆ ಹಿಡಿದ ಹಾಲು. ಎಂದೂ ತಿನ್ನದ ವಿದೇಶಿ ಹಣ್ಣಿನ ಹೆಸರು ಬರೆದರೆ ಮುಂದಿನ ಬಾರಿ ನಿಮಗೆ ಏನೂ ನೆನಪಾಗದು.

ಹಂತ 6: ಅಂಕ ಬೇಡ, ಸ್ಥಾನ ಕೊಡಿ

ನೂರಕ್ಕೆ ಎಷ್ಟು ಎಂದು ಕೊಡುವುದು ಹೊಸಬರಿಗೆ ಹೊಂದುವುದಿಲ್ಲ. ಒಬ್ಬರ 70 ಇನ್ನೊಬ್ಬರ 85. ಮೊದಲನೆಯದು, ಎರಡನೆಯದು, ಮೂರು, ನಾಲ್ಕು ಎಂದು ಸಾಲು ಹಚ್ಚಿ. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು. ಹಿರಿಯರೊಬ್ಬರು "ಆಹಾ" ಎಂದರೆ ಸಾಕು, ಮಿಕ್ಕವರ ನಾಲಿಗೆ ಅತ್ತ ವಾಲುತ್ತದೆ.

ಎರಡು ಲೋಟ ಒಂದೇ ಥರ ಅನ್ನಿಸಿದರೆ ಬೇರೊಂದು ದಿನ ಅವೆರಡರಲ್ಲೇ ಮೂರು ಲೋಟ ಮಾಡಿ: ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ. ಬೇರೆಯದನ್ನು ಹುಡುಕಿ. ಊಹೆಯಿಂದ ಹೇಳಿದರೂ ಮೂರರಲ್ಲೊಂದು ಸಲ ಸರಿಯಾಗುತ್ತದೆ. ಸತತ ಮೂರು ಸಲ ಸರಿಯಾಗುವುದು 27ರಲ್ಲೊಂದು. ಮೂರು ಸಲವೂ ಹೇಳಿದರೆ ನಿಮ್ಮ ನಾಲಿಗೆಯನ್ನು ನಂಬಬಹುದು. ಆಗದಿದ್ದರೆ ಅಗ್ಗದ್ದನ್ನು ಕೊಳ್ಳಿ, ದುಡ್ಡು ಉಳಿಯುತ್ತದೆ.

ಹಂತ 7: ಗೆಳೆಯರ ಚೀಟಿಯೊಂದಿಗೆ ತಾಳೆ ನೋಡಿ

ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದು. ಪ್ರತಿ ಲೋಟಕ್ಕೂ ನೀವು ಕೊಟ್ಟ ಸ್ಥಾನಕ್ಕೂ ಗೆಳೆಯರು ಕೊಟ್ಟ ಸ್ಥಾನಕ್ಕೂ ಇರುವ ವ್ಯತ್ಯಾಸ ಬರೆದು ಕೂಡಿಸಿ. ನೀವು 1, 2, 3, 4 ಎಂದು ಕೊಟ್ಟಿದ್ದು, ಅವರು 2, 1, 3, 4 ಎಂದಿದ್ದರೆ ಮೊತ್ತ 2. ಅವರು 4, 3, 2, 1 ಎಂದಿದ್ದರೆ ಮೊತ್ತ 8. ನಾಲ್ಕು ಲೋಟಕ್ಕೆ ಇದಕ್ಕಿಂತ ದೂರ ಹೋಗಲಾಗದು. ಮೊತ್ತ 0 ಅಥವಾ 2 ಬಂದವರ ಸಲಹೆ ಕೇಳಿ ಮುಂದಿನ ಬಾಟಲಿ ಕೊಳ್ಳಬಹುದು. 8 ಬಂದವರೂ ಉಪಯೋಗಕ್ಕೆ ಬರುತ್ತಾರೆ: ಅವರು ಬೇಡವೆಂದದ್ದನ್ನು ನೀವು ಧೈರ್ಯವಾಗಿ ರುಚಿ ನೋಡಿ.

ಇದನ್ನೇ ದೊಡ್ಡದಾಗಿ ಮಾಡಿದವರಿದ್ದಾರೆ. 1994ರಲ್ಲಿ ಕೆನಡಾದ ಲಪ್ವಾಂತ್ ಮತ್ತು ಲೆಜಾಂದ್ರ್ ಎಂಬ ಸಂಶೋಧಕರು ಬಣ್ಣ, ವಾಸನೆ, ರುಚಿಗಳ ವಿವರಣೆ ಹಿಡಿದು 109 ಮಾಲ್ಟ್‌ಗಳನ್ನು ಹತ್ತಿರದವು, ದೂರದವು ಎಂದು ಗುಂಪು ಮಾಡಿದರು. ನಿಮ್ಮ ಚೀಟಿಗಳು ಹೆಚ್ಚಿದಂತೆ ನಿಮ್ಮದೇ ಅಂಥ ನಕ್ಷೆ ಮೂಡುತ್ತದೆ. ದಿನಾಂಕ ಹಾಕಿ ಜೋಪಾನ ಮಾಡಿ.

ಚೀಟಿಯಲ್ಲಿ ಹೊಗೆಯ ಲೋಟಗಳು ಮೇಲೆ ಬಂದಿದ್ದರೆ ಮುಂದಿನ ಸಂಜೆ ಒಂದು ಲೋಟದ ಬದಲಿಗೆ ಬೆಂಗಳೂರಿನ ಅಮೃತ್ ಫ್ಯೂಷನ್ ಸೇರಿಸಿ. ಅದು ಸ್ಕಾಚ್ ಅಲ್ಲ, ಆದರೆ ಅದರಲ್ಲಿ ಕಾಲು ಭಾಗ ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಹೊಗೆಯ ಬಾರ್ಲಿ, ಮುಕ್ಕಾಲು ಭಾಗ ನಮ್ಮ ದೇಶದ್ದು. ಕಂಪನಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟದ್ದೇ 2004ರಲ್ಲಿ ಗ್ಲಾಸ್ಗೋದಲ್ಲಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು ಪೀಪಾಯಿಯಿಂದ ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು ಹೋಗುತ್ತದೆ. ಬಿಸಿ ಹವೆಯಿಂದಾಗಿ ಅಲ್ಲಿ ಪೀಪಾಯಿಯ ರುಚಿಯೂ ಬೇಗ ಹತ್ತುತ್ತದೆ. ಫ್ಯೂಷನ್ ಶೇ. 50ರದ್ದು, ಆದ್ದರಿಂದ 15 ಮಿಲೀಗೆ ನಾಲ್ಕು ಮಿಲೀಗಿಂತ ತುಸು ಕಡಿಮೆ ನೀರು ಹಾಕಿ ಸಮ ಮಾಡಿ, ಹೆಸರು ಮುಚ್ಚಿ, ಉಳಿದ ಮೂರರ ನಡುವೆ ಇಡಿ.