ಹಳೆಯ ಆಯಿಲ್ ಎಂಜಿನ್ನು: ಕೂಡಿಸುವ ಮೊದಲು ಬಿಚ್ಚಿ ದುರಸ್ತಿ ಮಾಡಿಸಬೇಕೋ, ಬೇಡವೋ?

ಹಾವೇರಿ, ರಾಣೇಬೆನ್ನೂರು ಸೀಮೆಯಲ್ಲಿ ವರದಾ ಮತ್ತು ತುಂಗಭದ್ರಾ ನದಿಗಳ ದಂಡೆಯ ಹೊಲಗಳಿಗೆ ಈಗ ಬಹುಮಟ್ಟಿಗೆ ವಿದ್ಯುತ್ ಪಂಪುಗಳೇ ನೀರೆತ್ತುತ್ತಿರುವವು. ಆದರೂ ತಂತಿ ಮುಟ್ಟದ ಕಡೆಗೂ ವಿದ್ಯುತ್ತು ನಿಂತ ಹೊತ್ತಿಗೂ ಡೀಸೆಲ್ ಎಂಜಿನ್ನೇ ಗತಿ. ಹೊಸದರ ಬೆಲೆಗೆ ಅಂಜಿ ಹಲವು ಜಮೀನುದಾರರು ಹಳೆಯದನ್ನು ಕೊಳ್ಳುವರು. ಮಳೆ ತಡೆದ ವರ್ಷ ಬ್ಯಾಡಗಿ ಮೆಣಸಿನ ಗಿಡವು ಹೂ ಹಿಡಿದ ಕಾಲದಲ್ಲಿ ಎಂಜಿನ್ನು ಕೆಟ್ಟು ನಿಂತರೆ ಹೂವು ಉದುರುವದು; ಆಗ ಮಿಸ್ತ್ರಿಯನ್ನು ಹುಡುಕಿ ಫಲವಿಲ್ಲ. ಆದ್ದರಿಂದ ದುರಸ್ತಿಯ ವಿಚಾರವು ಬುನಾದಿಯ ಬೋಲ್ಟು ಬಿಗಿಯುವ ಮೊದಲೇ ತೀರ್ಮಾನವಾಗತಕ್ಕದ್ದು.

ಎಂಜಿನ್ನಿನ ವಯಸ್ಸಾಗಲಿ ಮೈಬಣ್ಣವಾಗಲಿ ಇದಕ್ಕೆ ಪ್ರಮಾಣವಲ್ಲ. ಇಂಗ್ಲೆಂಡಿನ ಲಿಸ್ಟರ್ ಕಂಪನಿಯು 1929ರಲ್ಲಿ ಹೊರತಂದ ಮಾದರಿಯ, ಮುಂದೆ ರಾಜಕೋಟೆಯಲ್ಲಿಯೂ ತಯಾರಾದ 6 ಅಶ್ವಶಕ್ತಿಯ ಎಂಜಿನ್ನು ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುವದು. ಚೆನ್ನಾಗಿ ಎಣ್ಣೆ ಕಂಡ ಅಂಥ ಮುದಿ ಎಂಜಿನ್ನು, ಧೂಳು ಕುಡಿದ ಎಳೆಯ ಎಂಜಿನ್ನಿಗಿಂತ ಗಟ್ಟಿಯಾಗಿರಬಹುದು.

ಪರೀಕ್ಷೆಗೆ ಹೋದವರು ಎಂಜಿನ್ನನ್ನು ತಣ್ಣಗಿರುವಾಗಲೇ ನೋಡಬೇಕು. ಮಾರುವವನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುವದಾಗಿ ಹೇಳುವದು ಲೇಸು. ಗಾಲಿಯನ್ನು ಕೈಯಿಂದ ತಿರುಗಿಸಿದಾಗ ಒತ್ತಡದ ಘಟ್ಟದಲ್ಲಿ ಅದು ಬಲವಾಗಿ ತಡೆದು ಹಿಂದಕ್ಕೆ ಚಿಮ್ಮಬೇಕು. ಮೆತ್ತಗೆ ಜಾರಿಹೋದರೆ ವಾಲ್ವಿನಲ್ಲಿಯೋ ರಿಂಗಿನಲ್ಲಿಯೋ ಸೋರಿಕೆಯುಂಟು. ನೀಲಿ ಹೊಗೆಯು ಎಣ್ಣೆ ಸುಡುತ್ತಿರುವದರ ಗುರುತು. ಕಪ್ಪು ಹೊಗೆಗೆ ಗಾಬರಿ ಬೇಡ. ಹಲವು ಸಲ ಅದು ಇಂಜೆಕ್ಟರಿನ ದೋಷವೋ ಅತಿಭಾರವೋ ಆಗಿದ್ದು, ಇಡೀ ಎಂಜಿನ್ನು ಬಿಚ್ಚುವ ಕಾರಣವಿರುವದಿಲ್ಲ.

ಇವೆಲ್ಲ ಸರಿಯಿದ್ದು, ಒಳಗಿನಿಂದ ಬಡಿತದ ಸಪ್ಪಳವೂ ಇಲ್ಲದಿದ್ದರೆ, ಎಣ್ಣೆ ಮತ್ತು ಫಿಲ್ಟರು ಬದಲಿಸಿ ಹಾಗೆಯೇ ಕೂಡಿಸಬಹುದು. ಒಂದಕ್ಕೊಂದು ಹೊಂದಿಕೊಂಡ ಭಾಗಗಳನ್ನು ಸುಮ್ಮನೆ ಕದಲಿಸುವದರಿಂದ ಲಾಭವಿಲ್ಲ.

ಸಂಶಯವಿದ್ದರೆ ಹೆಡ್ಡು ಮತ್ತು ಪಿಸ್ಟನ್ನು ಬಿಚ್ಚಿಸಿ ಸವೆತವನ್ನು ಅಳೆಯಿಸಬೇಕು. ಹಳ್ಳಿಯಲ್ಲಿ ಒಳ ಅಳತೆಯ ಉಪಕರಣ ಸಿಗದಿದ್ದರೂ ಚಿಂತೆಯಿಲ್ಲ. ಒಂದು ರಿಂಗನ್ನು ಬಿಡಿಯಾಗಿ ಸಿಲಿಂಡರಿನಲ್ಲಿ ಸಮನಾಗಿ ಕೂಡಿಸಿ, ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಎರಡು ಕಡೆ ನೋಡಬೇಕು: ಮೇಲಿನ ರಿಂಗು ಹೊರಳುವ ಎತ್ತರದಲ್ಲಿ ಒಮ್ಮೆ, ರಿಂಗುಗಳು ಮುಟ್ಟದ ಕೆಳಭಾಗದಲ್ಲಿ ಒಮ್ಮೆ. ಎರಡರ ಅಂತರವನ್ನು ಮೂರರಿಂದ ಭಾಗಿಸಿದರೆ ಸಿಲಿಂಡರಿನ ವ್ಯಾಸ ಎಷ್ಟು ಹಿಗ್ಗಿದೆಯೆಂಬುದು ಹೆಚ್ಚುಕಡಿಮೆ ದೊರೆಯುವದು. ಮೇಲೆ 1.4, ಕೆಳಗೆ 0.5 ಮಿಲಿಮೀಟರ್ ಇದ್ದರೆ ಸವೆತ ಸುಮಾರು 0.3 ಮಿಲಿಮೀಟರ್. ತಯಾರಕರ ಪುಸ್ತಕದಲ್ಲಿಯ ಮಿತಿಯನ್ನು ಸವೆತವು ದಾಟಿದ್ದರೆ ಲೈನರನ್ನೇ ಬದಲಿಸತಕ್ಕದ್ದು. ಸವೆದ ಸಿಲಿಂಡರಿಗೆ ಹೊಸ ರಿಂಗು ಮಾತ್ರ ಹಾಕಿ ಕೈತೊಳೆದುಕೊಳ್ಳುವ ಮಿಸ್ತ್ರಿಗಳುಂಟು. ಮೇಲ್ತುದಿಯ ಏಣಿಗೆ ಬಡಿದು ಆ ರಿಂಗು ಮುರಿಯಬಹುದು.

ಕ್ರ್ಯಾಂಕಿನ ಕುತ್ತಿಗೆಯು ಅಂಡಾಕಾರಕ್ಕೆ ಸವೆದಿದ್ದರೆ ಅರೆಸುವ ಖರ್ಚೂ ಬೇರಿಂಗಿನ ಖರ್ಚೂ ಕೂಡುವವು. ಆದುದರಿಂದ ಬಿಡಿಭಾಗ, ಲೇತಿನ ಕೆಲಸ, ಸಾಗಣೆ, ಮಿಸ್ತ್ರಿಯ ಕೂಲಿ, ಇವೆಲ್ಲವುಗಳ ಮೊತ್ತವನ್ನು ಮುಂಗಡ ಕೊಡುವ ಮೊದಲೇ ಬರೆಯಿಸಿಕೊಳ್ಳಬೇಕು. ಅದು ಕ್ರಯದೊಡನೆ ಸೇರಿ ಹೊಸ ಎಂಜಿನ್ನಿನ ಬೆಲೆಯ ಸಮೀಪಕ್ಕೆ ಬಂದರೆ ಆ ವ್ಯವಹಾರವನ್ನು ಬಿಡುವದೇ ಒಳಿತು.

ದುರಸ್ತಿಯಾದ ಎಂಜಿನ್ನಿಗೆ ಮೊದಲ ದಿನಗಳಲ್ಲಿ ಪೂರ್ಣ ಭಾರ ಹೇರಕೂಡದು. ಆ ಬಳಿಕ ಎಣ್ಣೆಯನ್ನು ಪೂರ್ತಿ ಇಳಿಸಿ ಹೊಸದನ್ನು ತುಂಬತಕ್ಕದ್ದು.